ಗೀರು ಬಿದ್ದ ರೆಕಾರ್ಡು

ನನ್ನ ಮುದ್ದು ಅಪ್ಪಾ,

ನೀನಿಲ್ಲದೆ ಇದನ್ನೆಲ್ಲ ಯಾರಿಗೆ ಹೇಳಲಿ! ಇವತ್ತು ನಿನ್ನ ಹಳೆಯ ರೆಕಾರ್ಡುಗಳನ್ನು ಮಾರಿಬಿಟ್ಟೆವು. ನಮ್ಮ ಹೊಸ ಮನೆ ಬೆಂಕಿಪೊಟ್ಟಣದಷ್ಟಿದೆ, ಆದರೆ ಎಷ್ಟು ಚಂದ ಗೊತ್ತಾ! ನಿನ್ನ ಅಳಿಯ ಚೌಕಾಸಿ ಮಾಡುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಪ್ಲೇಯರನ್ನೂ ನಿನ್ನ-ನನ್ನ ಆ ಒಂದು ರೆಕಾರ್ಡನ್ನೂ ಮಾತ್ರ ಉಳಿಸಿಕೊಂಡಿದ್ದೆ. ಅಂಗಡಿಯವರು ರೆಕಾರ್ಡನ್ನು ನನ್ನ ಕೈಯಿಂದ ಇಸಿದುಕೊಂಡು ಬೆಳಕಿಗೆ ಹಿಡಿದರು.

"ಗೀರು ಬಿದ್ದಿದೆಯಲ್ಲಮ್ಮಾ! ಇದು ಹಳೇ ರೆಕಾರ್ಡಲ್ಲಿ ಗೋಡೆ ಗಡಿಯಾರ ಮಾಡೋರಿಗೇ ಸರಿ. ತಗೋ, ಅದೇ ಹಾಡು, ಒಂದು ಗೀರೂ ಇಲ್ಲ. ಮದುವೆ ಉಡುಗೊರೆ ಅಂದ್ಕೋ."

"ಅಯ್ಯೋ, ಎಷ್ಟು ಒಳ್ಳೆಯವರು ನೀವು!" ಎಂದು ಇವರು ಕೈಯೇ ಮುಗಿದುಬಿಟ್ಟರು. ಇಬ್ಬರ ಮುಖವೂ ಅಷ್ಟು ಅರಳಿತ್ತು ಅಪ್ಪಾ, ಬೇಡ ಅನ್ನಲು ನನಗೆ ಬಾಯೇ ಬರಲಿಲ್ಲ. ನಮ್ಮದು ರದ್ದಿ ಬುಟ್ಟಿಗೆ ಬಿತ್ತು.

ಸಂಜೆ ಹೊಸದನ್ನು ಹಾಕಿದೆವು. "ಸಿಕ್ಕಿಹಾಕ್ಕೊಳ್ತು ನೋಡೇ, ಓಡು!" ಎಂದು ನೀನು ಕೂಗುತ್ತಿದ್ದೆಯಲ್ಲ, ಆ ಸಾಲು ಬಂದಾಗ ನಾನು ಪ್ಲೇಯರಿನ ಮುಳ್ಳು ಎತ್ತಲು ಎದ್ದು ಓಡಿದೆ. ಹಾಡು ಎಲ್ಲೂ ತಡವರಿಸದೆ ಮುಂದೆ ಹೋಯಿತು.

"ಏನಾಯ್ತೇ?" ಎಂದರು ಇವರು.

"ಏನಿಲ್ಲಪ್ಪ. ಎಷ್ಟು ಚೆನ್ನಾಗಿ ಹಾಡ್ತಿದೆ ಅಲ್ವಾ?" ಎಂದೆ.