ಕಾಮಾಲೆ ಎಂದು ತುಂಬಿದ ಫಾರಂ

ಚೆಂಬೂರು, ಮುಂಬಯಿ,
೧೯ ಆಗಸ್ಟ್ ೧೯೯೩

ಅಮ್ಮಾ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯುವುದನ್ನು ಕಲಿಸಿದವಳು ನೀನು. ಇವತ್ತು ಅದಕ್ಕೆ ಕೈ ಏಳುತ್ತಿಲ್ಲ. ಮಗು ಈಗಷ್ಟೇ ಹಾಲು ಕುಡಿದು ಮಲಗಿದೆ. ಏಳು ತಿಂಗಳಾಯಿತು. ನಿನ್ನ ಹೆಸರನ್ನೇ ಇಟ್ಟಿದ್ದೇವೆ, ಕೌಸಲ್ಯಾ. ಹಾಗೆ ಕರೆದಾಗೆಲ್ಲ ಎರಡು ಕಡೆಯಿಂದ ಯಾರೋ ತಿರುಗಿ ನೋಡಿದ ಹಾಗಾಗುತ್ತದೆ. ಅದಕ್ಕೇ ಪುಟ್ಟಿ ಎನ್ನುತ್ತೇನೆ.

ಹೋದ ಭಾನುವಾರ ಶಾಮಣ್ಣ ಬಂದಿದ್ದರು. ನಮ್ಮ ಕಾಲನಿಯ ಮೈಸೂರಿನವರಿಗೆಲ್ಲ ವಿಮೆ ಮಾಡಿಸುವವರು. ಕಾಫಿಗೆ ಸಕ್ಕರೆ ಬೇಡ ಎನ್ನುತ್ತಲೇ ಎರಡು ಮೈಸೂರುಪಾಕು ಮುಗಿಸುವವರು. ಈ ಸಲ ತಂದದ್ದು ಹೊಸ ತರಹದ ಪಾಲಿಸಿ. ಸತ್ತ ಮೇಲಷ್ಟೇ ಅಲ್ಲ, ಬದುಕಿರುವಾಗಲೂ ಹಣ ಕೊಡುವಂಥದ್ದು. ಕಿಡ್ನಿ, ಲಕ್ವ, ಕ್ಯಾನ್ಸರ್ ಎಂದು ಒಂದು ಪಟ್ಟಿ. ಅದರಲ್ಲಿರುವ ಖಾಯಿಲೆ ಬಂದಿದೆಯೆಂದು ಡಾಕ್ಟರು ಬರೆದುಕೊಟ್ಟರೆ ಇಡೀ ಮೊತ್ತ ಒಂದೇ ಸಲ ಕೈಗೆ. ಪಟ್ಟಿಯಲ್ಲಿಲ್ಲದ್ದು ಬಂದರೆ ಏನೂ ಇಲ್ಲ. ಪಾಲಿಸಿ ಮಾಡಿಸಿದ ಮೊದಮೊದಲಲ್ಲೇ ಬಂದರೂ ಇಲ್ಲ.

ಕಂತು ಎಷ್ಟಾಗುತ್ತದೆಂದು ನಮ್ಮನೆಯವರು, ಜಯಸಿಂಹ, ಕೇಳಿದರು. "ಅದನ್ನ ನಿಮ್ಮ ಮೈ ಹೇಳ್ಬೇಕು ಸಾರ್! ವಯಸ್ಸಾದಷ್ಟೂ ಜಾಸ್ತಿ. ನೀವು ಸಿಗರೇಟ್ ಸೇದ್ತೀರಿ, ರಿಫೈನರೀಲಿ ಕೆಲಸ, ನಿಮ್ಮದು ಏರುತ್ತೆ. ಅಮ್ಮಾವ್ರಿಗೆ ಇಪ್ಪತ್ತೆಂಟು, ಚಟ ಅಂತ ಒಂದೂ ಇಲ್ಲ, ಭಾಳ ಸಸ್ತಾ ಬೀಳ್ತಾರೆ" ಎಂದು ಶಾಮಣ್ಣ ನಕ್ಕರು. "ಇನ್ನು ಮನೆತನ ಒಂದು ನೋಡ್ತಾರೆ. ಅಪ್ಪ ಅಮ್ಮ ಏನಾಗಿ ಹೋದ್ರು, ಎಷ್ಟು ವಯಸ್ಸಿಗೆ. ಹೆಣ್ಣು ನೋಡೋ ಶಾಸ್ತ್ರ ಇದ್ದಹಾಗೆ ಅನ್ಕೊಳ್ಳಿ."

ನನ್ನ ಫಾರಂ ತುಂಬಿದ್ದು ಜಯಸಿಂಹ. ತಾಯಿಯ ಹೆಸರು ಕೌಸಲ್ಯಾ, ತೀರಿಕೊಂಡ ವಯಸ್ಸು ಮೂವತ್ತಾರು, ಕಾರಣ ಕಾಮಾಲೆ. ನನ್ನನ್ನು ಕೇಳಲಿಲ್ಲ. ಕೇಳುವುದೇನಿದೆ? ಹೆಣ್ಣು ನೋಡಲು ಬಂದ ದಿನ ಅಲಮೇಲು ಚಿಕ್ಕಮ್ಮ ಹೇಳಿದ್ದೂ ಅದನ್ನೇ. ಕೆಳಗೆ, ನನ್ನ ನಂತರ ಹಣ ಯಾರಿಗೆ ಎನ್ನುವಲ್ಲಿ, ಮತ್ತೆ ಕೌಸಲ್ಯಾ. ಒಂದೇ ಕಾಗದದಲ್ಲಿ ನೀನು ಎರಡು ಸಲ. "ಸೈನ್ ಮಾಡೇ" ಎಂದರು. ಪುಟ್ಟಿ ಅಳುತ್ತಿದ್ದಾಳೆಂದು ಎದ್ದು ಒಳಗೆ ಹೋದೆ. ಅವಳು ಅಳುತ್ತಿರಲಿಲ್ಲ.

ಪ್ರತಿ ಮಂಗಳವಾರ ನೀನು ಲೋಕಲ್ ಹತ್ತಿ ಹೋಗುತ್ತಿದ್ದೆ. ಎಲ್ಲಿಗೆ ಎಂದರೆ, "ಮಾಟುಂಗಕ್ಕೆ ಕಣೇ, ಹೂ ತರೋಕೆ." ಹೂ ತರುತ್ತಲೂ ಇದ್ದೆ. ಹೋಗುತ್ತಿದ್ದದ್ದು ಪರೇಲಿನ ಆಸ್ಪತ್ರೆಗೆ. ಬರುವಾಗ ಮಾಟುಂಗದಲ್ಲಿ ಇಳಿದು, ಎರಡು ಮೊಳ ಮಲ್ಲಿಗೆ ಕೊಂಡು, ಸುಳ್ಳನ್ನು ನಿಜ ಮಾಡಿಕೊಂಡು ಮನೆಗೆ ಬರುತ್ತಿದ್ದೆ. ಮೇ ತಿಂಗಳ ಸೆಕೆಯಲ್ಲೂ ಎರಡೂ ಭುಜಕ್ಕೆ ಸೆರಗು. ಎಡಗಡೆಯಿಂದ ಅಪ್ಪಿಕೊಳ್ಳಲು ಬಂದರೆ ಮೆಲ್ಲಗೆ ಬಲಕ್ಕೆ ತಿರುಗಿಸುತ್ತಿದ್ದೆ. ಮಲ್ಲಿಗೆಯ ಕಂಪಿನ ಅಡಿಯಲ್ಲಿ ಸ್ಪಿರಿಟ್ಟಿನ ವಾಸನೆ. ನಾನು ಇಂದಿಗೂ ಹೂ ಮುಡಿಯಲಾರೆ ಅಮ್ಮಾ. ಜಯಸಿಂಹ ಅದನ್ನು ಅಲರ್ಜಿ ಎಂದುಕೊಂಡಿದ್ದಾರೆ.

ಮದುವೆಯ ಹಿಂದಿನ ದಿನ ಚಿಕ್ಕಮ್ಮ ನನ್ನನ್ನು ಮೂಲೆಗೆ ಕರೆದು, "ಎಲ್ಲೂ ಬಾಯಿಬಿಡ್ಬೇಡ. ಇವತ್ತು ನಿನ್ನನ್ನ ಬೇಡ ಅಂತಾರೆ, ನಾಳೆ ನಿನ್ನ ಮಗಳನ್ನ" ಎಂದಳು. ಆಗಲೂ ಖಾಯಿಲೆಯ ಹೆಸರು ಹೇಳಲಿಲ್ಲ. "ಪರೇಲ್" ಎಂದಷ್ಟೇ. ಆ ಆಸ್ಪತ್ರೆಯಿಂದಾಗಿ ಈ ಊರಿನಲ್ಲಿ ಖಾಯಿಲೆಗೂ ಅದೇ ಹೆಸರು.

ಭಾನುವಾರದಿಂದ ನನಗೆ ನಿದ್ದೆಯಿಲ್ಲ. ಪುಟ್ಟಿಗೆ ಹಾಲೂಡಿಸುವಾಗ ಬೆರಳುಗಳು ತಾವಾಗಿಯೇ ಎದೆಯ ಮೇಲೆ ಗಂಟು ಹುಡುಕುತ್ತವೆ. ಹುಡುಕುತ್ತಿರುವುದು ನನ್ನ ಬೆರಳೋ ನಿನ್ನದೋ ತಿಳಿಯುವುದಿಲ್ಲ. ಹಾಲು ಕಟ್ಟಿದ್ದಕ್ಕೂ ಬೆವರುತ್ತೇನೆ.

ನಿನ್ನೆ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಶಾಮಣ್ಣ ಸಿಕ್ಕರು. ಫಾರಂನಲ್ಲಿ ತಪ್ಪು ಬರೆದರೆ ಏನಾಗುತ್ತದೆಂದು ಕೇಳಿದೆ. "ಕಟ್ಟುವಾಗ ಸಸ್ತಾ ತಾಯಿ, ಕೇಳುವಾಗ ಸೊನ್ನೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಅವರು ಕೈ ಎತ್ತಬಹುದು. ನಿಜ ಬರೆದ್ರೆ ಕಂತು ಏರಿಸ್ಬಹುದು, ಬೇಡ ಅಂತಲೂ ಅನ್ಬಹುದು. ಆದ್ರೆ ಕೊಟ್ಟ ಪಾಲಿಸಿ ನಿಲ್ಲುತ್ತೆ." ಆಮೇಲೆ ನನ್ನ ಮುಖ ನೋಡಿ, ಹಾಲಿನ ಚೀಲ ಕೆಳಗಿಟ್ಟು, "ಕಾಮಾಲೇನೇ ಅಲ್ವಾ?" ಎಂದರು.

ಮನೆಗೆ ಬಂದು, ಸಹಿಯಿಲ್ಲದೆ ಉಳಿದಿದ್ದ ಫಾರಂ ತೆಗೆದು, ಕಾಮಾಲೆಯ ಮೇಲೆ ಗೀಟು ಹಾಕಿದೆ. ಪಕ್ಕದಲ್ಲಿ ಬರೆದೆ: ಸ್ತನ ಕ್ಯಾನ್ಸರ್. ಬಿ.ಎಸ್ಸಿ. ಓದಿದವಳು ನಾನು, ಆ ಪದವನ್ನು ನಿನ್ನ ಹೆಸರಿನ ಎದುರು ಬರೆದದ್ದು ಅದೇ ಮೊದಲು.

ಸಂಜೆ ಜಯಸಿಂಹ ಓದಿದರು. ಕಿಟಕಿಯಾಚೆ ರಿಫೈನರಿಯ ಬೆಂಕಿ ನೋಡುತ್ತಾ ಸಿಗರೇಟು ಹಚ್ಚಿದರು, ಅರ್ಧಕ್ಕೇ ಆರಿಸಿದರು. "ಮೂರು ವರ್ಷ ಆಯ್ತಲ್ಲೇ ರಮಾ, ಮದುವೆಯಾಗಿ" ಎಂದರು. ನಂತರ, "ನಮ್ಮಮ್ಮಂಗೆ ಹೇಳೋದು ಬೇಡ." ಅದು ಚುಚ್ಚಿತು. ನಾನು ಬಾಗಿಲಿಗೆ ಒರಗಿಯೇ ನಿಂತಿದ್ದೆ. ಅವರು ಕಿಟಕಿ ಬಿಟ್ಟು ನನ್ನತ್ತ ತಿರುಗಿ, "ನೀನು ಯಾವತ್ತಾದ್ರೂ ತೋರಿಸ್ಕೊಂಡಿದೀಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಫಾರಂ ಹಾಗೇ ಇರ್ಲಿ. ಮಂಗಳವಾರ ರಜ ಹಾಕ್ತೀನಿ, ಪರೇಲಿಗೆ ಹೋಗೋಣ."

ನಿನ್ನ ಮಂಗಳವಾರಗಳ ವಿಷಯ ನಾನು ಅವರಿಗೆ ಹೇಳಿಯೇ ಇಲ್ಲ ಅಮ್ಮಾ.

ಹೋಗುತ್ತೇನೆ. ಅಲ್ಲಿ ಏನು ಬರೆದುಕೊಡುತ್ತಾರೋ ಗೊತ್ತಿಲ್ಲ. ಬರುವಾಗ ಗಾಡಿ ಮಾಟುಂಗದಲ್ಲಿ ನಿಲ್ಲುತ್ತದೆ. ಪ್ಲಾಟ್‌ಫಾರಂನಲ್ಲಿ ಸೆರಗು ಹೊದ್ದು ನೀನು ನಿಂತಿದ್ದರೂ ನಾನು ಇಳಿಯುವುದಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಪುಟ್ಟಿ ಮುಂದೊಂದು ದಿನ ಕೇಳಿದರೆ, ಪರೇಲಿಗೆ ಎಂದೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಅವಳಿಗೆ ನಿನ್ನ ಹೆಸರೊಂದನ್ನು ಕೊಟ್ಟು, ಉಳಿದದ್ದನ್ನು ನೀನೇ ಇಟ್ಟುಕೊಂಡು ಹರಸು.

ಇಬ್ಬರು ಕೌಸಲ್ಯೆಯರ ನಡುವೆ ನಿಂತಿರುವ
ನಿನ್ನ ರಮಾಮಣಿ