ಚಕ್ರಕ್ಕೆ ಹೋದ ಕೈ

ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನಿಂದ,
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಭಾವನ ಕೆಮ್ಮು? ಫೋನ್ ಮಾಡಿದರೆ ಅವರು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ, ಅದಕ್ಕೇ ಈ ಪತ್ರ. ಬಲಗೈ ಇನ್ನೂ ನೋಯುತ್ತದೆ, ಅಕ್ಷರ ಸೊಟ್ಟಗಿದೆ. ಗಾಬರಿಯಾಗದೆ ಪೂರ್ತಿ ಓದು. ನಿನ್ನ ಕಿಡ್ನಿ ನನಗೆ ಹೊಂದುತ್ತದೆ ಅಂತ ಪರೀಕ್ಷೆಯಲ್ಲಿ ಬಂದಾಗ, ಮಕ್ಕಳಿರುವವಳು ನೀನು ಅಂತ ನಾನು ಬೇಡ ಅಂದೆ, ನೀನು ಮುನಿಸಿಕೊಂಡು ಹೋದೆ. ಆ ಮುನಿಸು ಇಳಿದಿದ್ದರೆ ಸಾಕು.

ವಾರಕ್ಕೆ ಮೂರು ಸಲ ಡಯಾಲಿಸಿಸ್ ಕುರ್ಚಿಯಲ್ಲಿ ಬಿದ್ದಿರುತ್ತೇನಲ್ಲ, ಕಾಲುಗಳು ಸೊರಗಿ ಕಡ್ಡಿಯಾಗಿದ್ದವು. ವ್ಯಾಯಾಮ ಮಾಡಿಸುವ ಮೇಡಂ ಒಬ್ಬರು ಬಂದು ಪಾದದ ಹತ್ತಿರ ಪೆಡಲು ಇಟ್ಟು, ಕಣ್ಣಿಗೆ ವಿಆರ್ ಅನ್ನುವ ದಪ್ಪ ಕನ್ನಡಕ ಕಟ್ಟಿದರು. ಒಳಗೆ ನೋಡಿದರೆ ಆಸ್ಪತ್ರೆಯೇ ಇಲ್ಲ! ಕೆರೆ ದಂಡೆ, ನುಣ್ಣನೆ ದಾರಿ, ನಾನು ಸೈಕಲ್ ಮೇಲೆ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವನಿಗೆ ಇವರು ತುಳಿಯೋದು ಹೇಳಿಕೊಡುತ್ತಾರಾ ಅಂತ ಮೊದಲು ಮೂಗು ಮುರಿದೆ. ಆಮೇಲೆ ನೋಡು, ಹುಚ್ಚೇ ಹಿಡಿಯಿತು. ಪಕ್ಕದ ಕುರ್ಚಿಯ ಮೇಷ್ಟ್ರು "ಟೈಲರ್, ನಿಧಾನ, ಊರು ದಾಟಿಬಿಟ್ಟೀಯ" ಅಂತ ರೇಗಿಸುತ್ತಿದ್ದರು. ಮನೆ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತತೊಡಗಿದೆ. ಅದನ್ನು ನೋಡಿ ನನ್ನವಳು ಅಡುಗೆಮನೆಗೆ ಹೋಗಿ ಅತ್ತಳು.

ಮೇಡಂ ದಿನಾ ಒಂದೇ ಮಾತು ಹೇಳುತ್ತಿದ್ದರು, "ಕಾಲು ಎಷ್ಟಾದರೂ ಆಡಿಸಿ, ಸೂಜಿ ಇರೋ ಬಲಗೈ ಮಾತ್ರ ಅಲ್ಲಾಡಬಾರದು." ಹೋದ ಶನಿವಾರ ಇಳಿಜಾರಿನಲ್ಲಿ ಜೋರಾಗಿ ಹೋಗುತ್ತಿದ್ದೆ. ಪೊದೆಯಿಂದ ನಾಯಿಯೊಂದು ಅಡ್ಡ ಬಂತು. ಸೈಕಲ್ಲಾದರೆ ಬ್ರೇಕು. ನನ್ನ ಕೈಗೆ ಅದೆಲ್ಲಿ ಗೊತ್ತು? ತುಳಿಯುವುದು ನಿಲ್ಲಿಸಬೇಕೆಂದರೆ ಬಲಗೈ ಹೊಲಿಗೆ ಯಂತ್ರದ ಚಕ್ರ ಹಿಡಿಯಬೇಕು, ಅಷ್ಟೇ ಅದರ ವಿದ್ಯೆ. ಕೈ ಚಕ್ಕನೆ ಅತ್ತ ಹೋಯಿತು. ಏನೋ ಸರಕ್ಕನೆ ಎಳೆಯಿತು. ನಾಯಿ ಉಳಿಯಿತಲ್ಲ ಅಂತ ಖುಷಿಯಿಂದ ಮತ್ತೆ ತುಳಿದೆ. ತೊಡೆ ಬೆಚ್ಚಗಾಯಿತು, ನೀರು ಚೆಲ್ಲಿತೇನೋ ಅಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಕಿರುಚಿದರು, "ಸಿಸ್ಟರ್, ರಕ್ತ! ರಕ್ತ!"

ತೊಳೆದ ರಕ್ತ ಮೈಗೆ ವಾಪಸ್ ಬರುವ ಸೂಜಿ ಕಿತ್ತುಬಂದಿತ್ತು. ಡಯಾಲಿಸಿಸ್ ಯಂತ್ರ ತನ್ನ ಪಾಡಿಗೆ ನನ್ನ ರಕ್ತವನ್ನು ಹೊದಿಕೆಯ ಮೇಲೆ ಸುರಿಯುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು, ಯಾರೋ ಕೈ ಅದುಮಿದರು. ಕನ್ನಡಕ ಬಿಚ್ಚಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಕಿವಿಯಲ್ಲಿ ಕೂಗಾಟ, ಕಣ್ಣೆದುರು ಬಿಸಿಲು ಬಿದ್ದ ಕೆರೆ. ಆ ಕೆರೆಯೂ ನಿಧಾನಕ್ಕೆ ಮಸುಕಾಯಿತು. ಹೆದರಿದೆ ಅಕ್ಕಾ, ತುಂಬಾ ಹೆದರಿದೆ.

ರಕ್ತ ಏರಿಸಿದರು, ಬದುಕಿದೆ. ನಿನ್ನೆ ಮತ್ತೆ ಹೋದಾಗ ಕನ್ನಡಕ ಹಾಕಲು ಮೇಡಂ ಹಿಂಜರಿದರು, ನಾನೇ ಹಟ ಮಾಡಿ ಹಾಕಿಸಿಕೊಂಡೆ. ಸಿಸ್ಟರ್ ಪಕ್ಕದಲ್ಲೇ ಕೂತು ನನ್ನ ಬಲಗೈ ಹಿಡಿದುಕೊಂಡಿದ್ದರು. ಡಾಕ್ಟರು ನನ್ನ ಕಾಲು ಒತ್ತಿ ನೋಡಿ, "ಈಗ ಕಿಡ್ನಿ ಹಾಕೋ ಆಪರೇಷನ್ ತಡ್ಕೋತೀರಿ. ಆದರೆ ಹೀಗೇ ಬಹಳ ಕಾಲ ಎಳೆಯೋಕಾಗಲ್ಲ" ಅಂದರು. ನಾನು ಮಾತು ತಿರುಗಿಸಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಮ್ಮ,
ಗುಂಡ

ಮರೆಯುವ ಮುಂಚೆ: ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬೇಡ ಅಂದಿದ್ದು ಸುಳ್ಳು ಅಕ್ಕಾ. ರಕ್ತ ಹೋಗುತ್ತಿದ್ದಾಗ ನಿನ್ನ ಮಕ್ಕಳೂ ನೆನಪಾಗಲಿಲ್ಲ, ನನ್ನ ದೊಡ್ಡಸ್ತಿಕೆಯೂ ನೆನಪಾಗಲಿಲ್ಲ. ಬದುಕಬೇಕು ಅನ್ನೋದೊಂದೇ. ನಿನ್ನ ಕಿಡ್ನಿ ನನಗೆ ಬೇಕು. ಈಗಲೂ ಕೊಡುತ್ತೀಯಾ? ಆಗಲ್ಲ ಅಂದರೆ ನನಗೆ ಕೋಪ ಬರುತ್ತದೆ, ಬರಲ್ಲ ಅಂತ ಬರೆಯಲಾರೆ. ಆದರೂ ಭಾವನಿಗೆ ತೋರಿಸುವ ಮೊದಲು ನೀನೊಬ್ಬಳೇ ಕೂತು ಯೋಚಿಸು.