ಬೆಳೆಯುವ ಚಾವಣಿ

ಅಕ್ಕಾ, ಕಾರ್ಡು ಚಿಕ್ಕದು, ನನ್ನ ಜಂಬ ದೊಡ್ಡದು. ಅದಕ್ಕೇ ನಮಸ್ಕಾರವನ್ನು ಈ ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ.

ಈ ದ್ವೀಪಕ್ಕೆ ಬಂದು ನೆಲೆಸುವ ಮುನ್ನ ಏನೇನು ಯೋಚಿಸಬೇಕು ಎಂದು ಕೇಳಿದ್ದೀಯ. ಕಬ್ಬಿಣದ ಬೀರು ತರಬೇಡ, ಉಪ್ಪುಗಾಳಿ ತಿಂದುಹಾಕುತ್ತದೆ. ನನ್ನ ಸೂಜಿಗಳನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿಡುತ್ತೇನೆ. ಆದರೆ ಅಮ್ಮ ಕಲಿಸಿದ ಹೊಲಿಗೆಯನ್ನು ಮಾತ್ರ ಮರೆಯದೆ ತಾ.

ಜನರನ್ನು ದಾಟಿಸುವ ದೋಣಿಯೊಂದಕ್ಕೆ ಕ್ಯಾನ್ವಾಸಿನ ಚಾವಣಿ ಹೊಲಿದುಕೊಟ್ಟೆ. ಅಭ್ಯಾಸಬಲ ನೋಡು, ಮಕ್ಕಳ ಲಂಗಕ್ಕೆ ಬಿಡುವ ಹಾಗೆ ಅಂಚಿನಲ್ಲಿ ಗೇಣುದ್ದ ಬಟ್ಟೆಯನ್ನು ಒಳಗೆ ಮಡಿಸಿಬಿಟ್ಟಿದ್ದೆ. ದೋಣಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಮ್ಮಾ, ನನ್ನ ದೋಣಿ ಬರೋ ವರ್ಷ ಬೆಳೆಯುತ್ತಾ?"

ಮೊದಲ ಮಳೆಗೇ ಎಲ್ಲರ ಹೊಸ ಚಾವಣಿಗಳೂ ಕುಗ್ಗಿ, ಕಂಬಗಳಿಗೆ ಎಟುಕದೆ ಹೋದವು. ನನ್ನದೂ ಕುಗ್ಗಿತು. ಮಡಿಕೆ ಬಿಚ್ಚಿದೆ, ಸರಿಹೋಯಿತು! ಈಗ ದಡದ ದೋಣಿಯವರೆಲ್ಲ ನನ್ನ ಬಾಗಿಲಲ್ಲಿ: "ನಮಗೂ ಆ ಬೆಳೆಯೋ ಚಾವಣಿ ಹೊಲಿದುಕೊಡಿ."

ಬೆವರುಸಾಲೆ ಬಿಟ್ಟರೆ ಆರೋಗ್ಯ ಗಟ್ಟಿಯಾಗಿದೆ. ಹತ್ತಿಬಟ್ಟೆಯನ್ನೇ ತಾ.

"ಅಲ್ಲಿ ಜನ ಅರೆಬಟ್ಟೇಲಿ ಓಡಾಡ್ತಾರೆ, ದರ್ಜಿಗೇನು ಕೆಲಸ?" ಎಂದಿದ್ದರಲ್ಲ ಭಾವ, ಅವರನ್ನೂ ಕರೆದುಕೊಂಡು ಬಾ. ದಾಟುವಾಗ ಬಿಸಿಲು ನೆತ್ತಿ ಸುಡುತ್ತದೆ, ಅವರನ್ನು ಅದೇ ದೋಣಿಯಲ್ಲಿ ಕೂರಿಸು. ದಾರಿಯಲ್ಲಿ ಏನೂ ಹೇಳಬೇಡ. ದಡ ಮುಟ್ಟಿದ ಮೇಲೆ ಹೇಳು, ಅಷ್ಟು ಹೊತ್ತೂ ಯಾರು ಹೊಲಿದ ನೆರಳಲ್ಲಿ ತಣ್ಣಗೆ ಕೂತಿದ್ದರು ಅಂತ.

ಅಂಚೆಯವನು ಕಾಯುತ್ತಿದ್ದಾನೆ.
ನಿನ್ನ ದರ್ಜಿ ತಂಗಿ